ಕಥೆಯ ಕೋಟೆ, ಕಲ್ಲಿನ ಕೋಟೆ

(ಕೋಲಾರದಲ್ಲಿ ಇತ್ತೀಚೆಗೆ ಮಾಡಿದ ಉಪನ್ಯಾಸದ ಬರಹ ರೂಪ)



ವಿದೇಶಕ್ಕೆ ಹೋಗಿ ಬಂದವರ ಭಾಷಣ ಕೇಳುವುದು ಎಂಥ ಶಿಕ್ಷೆ ಎಂಬುದು ನನಗೆ ಗೊತ್ತು. ನಾನೂ ಆ ಶಿಕ್ಷೆ ಅನುಭವಿಸಿದವನೇ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಾನು ಹೋಗಿದ್ದು ಆರೇ ದಿನ, ಅದೂ ಮಗಳು ಜರ್ಮನಿಯಲ್ಲಿದ್ದಾಳೆ ಎಂಬ ಕಾರಣಕ್ಕೆ. ಒಂದು ಕೋಟೆ ನೋಡಿದೆ, ಒಂದು ತೋಟ ನೋಡಿದೆ. ಆ ಎರಡರ ಬಗ್ಗೆಯೇ ಮಾತಾಡುತ್ತೇನೆ. ನಡುನಡುವೆ ಮಾತು ಮುಳಬಾಗಿಲಿನ ಕಡೆಗೆ ಹೊರಳಿದರೆ ಕ್ಷಮೆ ಇರಲಿ.

ಕೋಟೆಯ ಹೆಸರು ನಾಯ್‌ಶ್ವಾನ್‌ಸ್ಟೈನ್. ಹೆಸರು ಗೊತ್ತಿಲ್ಲದವರೂ ಅದರ ಚಿತ್ರವನ್ನು ಕ್ಯಾಲೆಂಡರಿನಲ್ಲೋ ಬಿಸ್ಕತ್ತಿನ ಡಬ್ಬಿಯ ಮೇಲೋ ಕಂಡಿರುತ್ತೀರಿ. ಹಿಂದೆ ಹಿಮದ ಬೆಟ್ಟ, ಮುಂದೆ ಪೈನ್ ಮರಗಳು, ನಡುವೆ ಸೂಜಿಯಂಥ ಗೋಪುರಗಳ ಬಿಳಿ ಅರಮನೆ. ಅಮೆರಿಕದ ಡಿಸ್ನಿ ಕಂಪನಿ 1955ರಲ್ಲಿ ತನ್ನ ಮೊದಲ ವಿಹಾರೋದ್ಯಾನ ತೆರೆದಾಗ ಅಲ್ಲಿನ ರಾಜಕುಮಾರಿಯ ಕೋಟೆಗೆ ಇದನ್ನೇ ಮಾದರಿಯಾಗಿಟ್ಟುಕೊಂಡಿತು. ಮ್ಯೂನಿಕ್‌ನಿಂದ ರೈಲಿನಲ್ಲಿ ಎರಡು ಗಂಟೆ ಹೋದರೆ ಫ್ಯೂಸೆನ್ ಎಂಬ ಊರು. ಅಲ್ಲಿಂದ ಬಸ್ಸು, ಆಮೇಲೆ ಏರುದಾರಿಯ ನಡಿಗೆ. ಟಿಕೆಟ್ಟಿನಲ್ಲಿ ಬರೆದ ನಿಮಿಷಕ್ಕೆ ಸರಿಯಾಗಿ ಒಳಗೆ ಬಿಡುತ್ತಾರೆ, ಅರ್ಧ ಗಂಟೆಯಲ್ಲಿ ಹೊರಗೆ ಕಳಿಸುತ್ತಾರೆ. ಒಳಗೆ ಫೋಟೋ ತೆಗೆಯುವಂತಿಲ್ಲ.

ಅಲ್ಲಿ ನಿಂತಾಗ ನನಗೆ ಹೊಳೆದ ಮೊದಲ ಪ್ರಶ್ನೆ ಕೋಲಾರದವನ ಪ್ರಶ್ನೆಯೇ: ಈ ಕೋಟೆಗೆ ಮುತ್ತಿಗೆ ಹಾಕಿದವರು ಯಾರು? ಉತ್ತರ ಕೇಳಿ ತಬ್ಬಿಬ್ಬಾದೆ. ಯಾರೂ ಇಲ್ಲ! ಇದಕ್ಕೆ ಅಸ್ತಿವಾರದ ಕಲ್ಲು ಹಾಕಿದ್ದೇ 1869ರ ಸೆಪ್ಟೆಂಬರಿನಲ್ಲಿ. ಅಷ್ಟು ಹೊತ್ತಿಗೆ ಫಿರಂಗಿಯ ಮುಂದೆ ಇಂಥ ಗೋಡೆಗಳು ನಿಷ್ಪ್ರಯೋಜಕವಾಗಿದ್ದವು. ಕಟ್ಟಿಸಿದವನು ಬವೇರಿಯದ ರಾಜ ಎರಡನೆಯ ಲುಡ್ವಿಗ್. 1866ರ ಯುದ್ಧದಲ್ಲಿ ಪ್ರಷ್ಯದ ಎದುರು ಸೋತಮೇಲೆ ಅವನ ಸೈನ್ಯ, ಯುದ್ಧ ಬಂದರೆ, ಪ್ರಷ್ಯದ ಅಧೀನಕ್ಕೆ ಹೋಗಬೇಕೆಂಬ ಒಪ್ಪಂದವಾಯಿತು. 1871ರಲ್ಲಿ ಬವೇರಿಯ ಜರ್ಮನ್ ಸಾಮ್ರಾಜ್ಯದೊಳಗೆ ಸೇರಿಹೋಯಿತು. ಕಿರೀಟ ಉಳಿದು ಅಧಿಕಾರ ಹೋದ ರಾಜ, ತಾನು ನಿಜವಾದ ರಾಜನಾಗಿರಬಹುದಾಗಿದ್ದ ಹಳೆಯ ಕಾಲವೊಂದನ್ನು ಬೆಟ್ಟದ ಮೇಲೆ ಕಟ್ಟಿಸಿಕೊಂಡ. ಅದರ ಚಿತ್ರ ಬರೆದುಕೊಟ್ಟವನು ನಾಟಕದ ಪರದೆ ಬರೆಯುವ ಕಲಾವಿದ ಕ್ರಿಶ್ಚಿಯನ್ ಯಾಂಕ್. ಹೊರಗೆ ನೋಡಿದರೆ ಕಲ್ಲು, ಒಳಗೆ ಇಟ್ಟಿಗೆ. ಕೋಣೆಗಳಿಗೆ ಬಿಸಿಗಾಳಿ ಹಾಯಿಸುವ ವ್ಯವಸ್ಥೆ, ನಲ್ಲಿ ನೀರು, ಎಲ್ಲವೂ ಇದೆ. ಕೃತಕ ಗುಹೆಯೂ ಒಂದಿದೆ. ಸಿಂಹಾಸನದ ಭವ್ಯ ಸಭಾಂಗಣವಿದೆ, ಸಿಂಹಾಸನವೇ ಇಲ್ಲ. ಅದನ್ನು ಮಾಡಿಸುವ ಮೊದಲೇ, ಸಾಲದಲ್ಲಿ ಮುಳುಗಿದ್ದ ರಾಜನನ್ನು ಹುಚ್ಚನೆಂದು ಘೋಷಿಸಿ ಪದಚ್ಯುತಗೊಳಿಸಿದರು. ಕೆಲವೇ ದಿನಗಳಲ್ಲಿ, 1886ರ ಜೂನ್ 13ರಂದು, ಸರೋವರವೊಂದರಲ್ಲಿ ಅವನ ಶವ ಸಿಕ್ಕಿತು. ಏಳು ವಾರ ಕಳೆಯುವುದರೊಳಗೆ ಟಿಕೆಟ್ ಇಟ್ಟು ಅರಮನೆಯನ್ನು ಜನರಿಗೆ ತೆರೆದರು. 2025ರಲ್ಲಿ ಯುನೆಸ್ಕೋ ಲುಡ್ವಿಗ್‌ನ ಅರಮನೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಾನು ಆ ಅರಮನೆಯನ್ನು ಹಳಿಯುತ್ತಿಲ್ಲ. ಸೋತ ಮನುಷ್ಯನೊಬ್ಬನ ಕನಸು ಅಷ್ಟು ಸುಂದರವಾಗಿದ್ದರೆ ನೋಡಬೇಕಾದದ್ದೇ. ಆದರೆ ಅದನ್ನು ಕೋಟೆಯೆಂದು ನೋಡಿದರೆ ಮೋಸ ಹೋಗುತ್ತೀರಿ. ಕೋಟೆ ಎಂದರೇನೆಂದು ತಿಳಿಯಲು ವೀಸಾ ಬೇಕಿಲ್ಲ.

ಮುಳಬಾಗಿಲನ್ನೇ ನೋಡಿ. ಮೂಡಲ ಬಾಗಿಲು, ಅಂದರೆ ಪೂರ್ವದಿಕ್ಕಿನ ಹೆಬ್ಬಾಗಿಲು. ಹೆಸರಿನಲ್ಲೇ ಅದರ ಕೆಲಸವಿದೆ. ಆ ಬಂಡೆಬೆಟ್ಟವನ್ನು ಯಾರೂ ಅಂದಕ್ಕಾಗಿ ಆರಿಸಲಿಲ್ಲ. ತಮಿಳು ಸೀಮೆಯ ಕಡೆಯಿಂದ ಬರುವ ಸೈನ್ಯ ಕಣ್ಣಿಗೆ ಬೀಳಲೆಂದು ಆರಿಸಿದರು. ಮೊದಲನೆಯ ಮೈಸೂರು ಯುದ್ಧದಲ್ಲಿ, 1768ರ ಅಕ್ಟೋಬರಿನಲ್ಲಿ, ಕರ್ನಲ್ ವುಡ್‌ನ ಪಡೆಯನ್ನು ಹೈದರಾಲಿ ಈ ಬಂಡೆಗಳ ನಡುವೆ ಸಿಕ್ಕಿಸಿ ಅರೆಯುತ್ತಿದ್ದ. ಆಗ ಕ್ಯಾಪ್ಟನ್ ಬ್ರೂಕ್ ಎಂಬವನು ಗಾಯಾಳುಗಳನ್ನೇ ಕಟ್ಟಿಕೊಂಡು ಎರಡು ತೋಪುಗಳನ್ನು ಒಂದು ಬಂಡೆಯ ಮೇಲಕ್ಕೆ ಎಳೆಸಿ, ಗುಂಡು ಹಾರಿಸಿ, ‘ಸ್ಮಿತ್! ಸ್ಮಿತ್!’ ಎಂದು ಎಲ್ಲರಿಂದ ಕೂಗಿಸಿದ. ಕರ್ನಲ್ ಸ್ಮಿತ್ ದೊಡ್ಡ ಸೈನ್ಯದೊಂದಿಗೆ ಬಂದೇಬಿಟ್ಟನೆಂದು ಎರಡೂ ಕಡೆಯವರು ನಂಬಿದರು. ಸ್ಮಿತ್ ಅಲ್ಲೆಲ್ಲೂ ಇರಲಿಲ್ಲ! ಬರೀ ಒಂದು ಕೂಗಿನಿಂದ ವುಡ್‌ನ ಪಡೆ ಉಳಿದುಕೊಂಡಿತು. ಬಸ್ಸಿನಲ್ಲಿ ಎಷ್ಟು ಸಲ ಆ ಬೆಟ್ಟದ ಬುಡ ಹಾದುಹೋಗಿದ್ದೇನೋ ಲೆಕ್ಕವಿಲ್ಲ. ಎಲ್ಲೋ ಓದಿದ್ದ ಈ ಕಥೆ ಬವೇರಿಯದ ಆ ಏರುದಾರಿಯಲ್ಲಿ ನೆನಪಾಯಿತು.

ಇನ್ನು ತೋಟದ ವಿಚಾರ. ಅದೇ ಹೈದರಾಲಿ ಹುಟ್ಟಿದ್ದು ನಮ್ಮ ಬಂಗಾರಪೇಟೆಯ ಪಕ್ಕದ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದ್ ಸಿರಾ ನವಾಬನ ಸೇವೆಯಲ್ಲಿದ್ದವನು. ಗೋರಿ ಇರುವುದು ಇದೇ ಕೋಲಾರ ಪಟ್ಟಣದಲ್ಲಿ. ಅಕ್ಷರ ಕಲಿಯದೆ ಕುದುರೆಯ ಮೇಲೆಯೇ ಬಾಳು ಕಳೆದ ಈ ಸೈನಿಕ 1760ರಲ್ಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ಹಾಕಿಸಿದ. ಸಿರಾದಲ್ಲಿ ಕಂಡಿದ್ದ ಮೊಗಲರ ಮಾದರಿಯ ತೋಟ ಅವನ ಕಣ್ಣಿನಲ್ಲಿತ್ತು. ಮಗ ಟಿಪ್ಪು ದೇಶ ದೇಶಗಳಿಂದ ಗಿಡ ತರಿಸಿ ಅದನ್ನು ಬೆಳೆಸಿದ.

ಲಾಲ್‌ಬಾಗಿನ ಎರಡನೆಯ ಅಧ್ಯಾಯ ಹುಡುಕಿಕೊಂಡೇ ನಾನು ಡ್ರೆಸ್ಡೆನ್ ನಗರಕ್ಕೆ ಹೋದದ್ದು. ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಹುಟ್ಟಿದ್ದು 1865ರಲ್ಲಿ, ಆ ನಗರದ ಹತ್ತಿರದ ಲೋಮೆನ್ ಎಂಬ ಊರಿನಲ್ಲಿ. ತೋಟಗಾರಿಕೆ ಕಲಿತದ್ದು ಎಲ್ಬ್ ನದಿಯ ದಡದ ಪಿಲ್ನಿಟ್ಸ್ ಅರಮನೆಯ ತೋಟದಲ್ಲಿ. ಲಂಡನ್ನಿನ ಕ್ಯೂ ತೋಟದಲ್ಲಿ ದುಡಿದು, 1893ರಲ್ಲಿ ಬರೋಡಕ್ಕೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನದ ನೌಕರಿಗೆ ಸೇರಿ ಲಾಲ್‌ಬಾಗಿನ ಹೊಣೆ ಹೊತ್ತ. 1932ರಲ್ಲಿ ನಿವೃತ್ತನಾದರೂ ಊರಿಗೆ ಮರಳಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡ. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಬೆಂಗಳೂರಿನ ಯಾವುದಾದರೂ ಬೀದಿ ಹೂವಿನಿಂದ ತುಂಬಿರಬೇಕೆಂದು ಮರಗಳನ್ನು ಲೆಕ್ಕ ಹಾಕಿ ನೆಡಿಸಿದವನು ಅವನು. ಬೂದಿಕೋಟೆಯ ಸವಾರ ಆರಂಭಿಸಿದ್ದನ್ನು ಪಿಲ್ನಿಟ್ಸ್‌ನ ಮಾಲಿ ಮುಂದುವರಿಸಿದ ಎಂಬುದನ್ನು ನೆನೆದರೆ ನನಗೆ ಈಗಲೂ ಅಚ್ಚರಿ.

ಪಿಲ್ನಿಟ್ಸ್‌ಗೆ ದೋಣಿಯಲ್ಲಿ ನದಿ ದಾಟಿ ಹೋಗಬಹುದು, ಹಾಗೇ ಹೋಗಿ. ಅಲ್ಲಿ ಜಪಾನ್ ಮೂಲದ ಒಂದು ಕ್ಯಾಮೆಲಿಯ ಮರವಿದೆ, ನಮ್ಮ ಚಹಾ ಗಿಡದ ನೆಂಟ. ಅದನ್ನು ಈಗಿನ ಜಾಗದಲ್ಲಿ ನೆಟ್ಟದ್ದು 1801ರಲ್ಲಿ. ಟಿಪ್ಪು ಮಡಿದು ಎರಡು ವರ್ಷವಾಗಿತ್ತು. ಎತ್ತರ ಸುಮಾರು ಒಂಬತ್ತು ಮೀಟರ್. ಕ್ರುಂಬಿಗಲ್ ಅದನ್ನು ನೋಡದೆ ಇದ್ದಿರಲಾರ. ಆ ಸೀಮೆಯ ಚಳಿ ಅದಕ್ಕೆ ಆಗದು. ಆದ್ದರಿಂದ ಹಳಿಯ ಮೇಲೆ ಓಡುವ ಒಂದು ಗಾಜಿನ ಮನೆಯನ್ನೇ ಮಾಡಿದ್ದಾರೆ. ಚಳಿಗಾಲಕ್ಕೆ ಮೊದಲು ಮನೆಯನ್ನು ತಳ್ಳಿ ಮರವನ್ನು ಮುಚ್ಚುತ್ತಾರೆ, ಬೇಸಿಗೆ ಬಂದಾಗ ಪಕ್ಕಕ್ಕೆ ಸರಿಸುತ್ತಾರೆ. ಮಾಲೂರಿನ ಕಡೆ ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುವವರು ನಗಬಹುದು: ಅವರದು ಒಂದು ಮನೆಗೆ ಸಾವಿರ ಗಿಡ, ಇದು ಒಂದೇ ಗಿಡಕ್ಕೆ ಒಂದು ಮನೆ! ನಾವು ಹೋದದ್ದು ಮೇ ತಿಂಗಳ ನಡುವೆ. ಹೂವು ಮುಗಿದಿತ್ತು. ಹಸಿರು ಎಲೆಯ ಮರ ಒಂದು ಕಡೆ, ಖಾಲಿ ಗಾಜಿನ ಮನೆ ಇನ್ನೊಂದು ಕಡೆ. ಹೂವು ನೋಡಬೇಕಾದರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೋಗಬೇಕಂತೆ.

ಊರಿಗೆ ಬಂದ ಮೊದಲ ಭಾನುವಾರವೇ ಬೂದಿಕೋಟೆಗೆ ಹೋಗಿ ಬೆಟ್ಟ ಹತ್ತಿದೆ. ಕೋಲಾರದಲ್ಲಿ ನಲವತ್ತು ವರ್ಷ ಪಾಠ ಹೇಳಿದವನು, ಹೈದರಾಲಿಯ ಜನ್ಮಸ್ಥಳ ಯಾವುದೆಂದು ಪ್ರತಿ ವರ್ಷ ಪರೀಕ್ಷೆಯಲ್ಲಿ ಕೇಳಿದವನು, ಅಲ್ಲಿಗೆ ಹೋದದ್ದು ಅದೇ ಮೊದಲು. ಉತ್ತರ ಬರೆದ ನೂರಾರು ಮಕ್ಕಳಲ್ಲಿ ಒಬ್ಬರನ್ನೂ ನಾನು ಕರೆದುಕೊಂಡು ಹೋಗಿರಲಿಲ್ಲ.

ಅದರ ಮುಂದಿನ ವಾರ ಶ್ರೀನಿವಾಸಪುರದ ಹಳೆಯ ಶಿಷ್ಯನೊಬ್ಬನ ಮಾವಿನ ತೋಪಿನಲ್ಲಿ ಕೂತಿದ್ದೆ. ಕಾಯಿ ಕೀಳುತ್ತಿದ್ದರು. ಪಿಲ್ನಿಟ್ಸ್‌ನ ಮರದ ಕಥೆಯನ್ನು, ಓಡುವ ಗಾಜಿನ ಮನೆಯನ್ನು, ಅದನ್ನು ನೋಡಲು ಬರುವ ಜನವನ್ನು ವಿವರವಾಗಿ ಹೇಳಿದೆ. ಅವನ ತಂದೆ ಗೋಣಿಚೀಲ ಹೊಲಿಯುತ್ತಲೇ ಎಲ್ಲವನ್ನೂ ಕೇಳಿ, ಕೊನೆಗೆ ತಲೆಯೆತ್ತಿ ಕೇಳಿದರು:

“ಅಲ್ಲ ಮೇಷ್ಟ್ರೇ, ಇಷ್ಟೆಲ್ಲ ಮಾಡ್ತಾರಲ್ಲ, ಕಾಯಿ ಎಷ್ಟು ಬಿಡ್ತದೆ?”