ಪರದೆ ಅಲ್ಲಿ, ಬೆರಳು ಇಲ್ಲಿ

ಸಾಗರದ ಹತ್ತಿರದ ಹಳ್ಳಿಯಲ್ಲಿ ಒಬ್ಬರು ಅಜ್ಜ ಇದ್ದಾರೆ ಅಂತ ಇಟ್ಟುಕೊಳ್ಳೋಣ. ಊರ ದೇವಸ್ಥಾನದ ಲೆಕ್ಕಪತ್ರವನ್ನೆಲ್ಲ ಎಷ್ಟೋ ವರ್ಷಗಳಿಂದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಜೋಪಾನವಾಗಿ ಇಟ್ಟವರು. ಮನೆಗೆ ಹೊಸ ಲ್ಯಾಪ್‌ಟಾಪ್ ಬಂತು. ಹಳೆಯ ಫೈಲು ತೆರೆದರೆ ಕನ್ನಡವೇ ಮಾಯ! ಕ್ಯಾಲಿಫೋರ್ನಿಯಾದಲ್ಲಿರುವ ಮೊಮ್ಮಗಳಿಗೆ ಫೋನ್ ಹೋಯಿತು. ಅಜ್ಜನಿಗೆ ಅದು ಬೆಳಗಿನ ಕಾಫಿಯ ಹೊತ್ತು, ಅವಳಿಗೆ ಹಿಂದಿನ ದಿನದ ಸಂಜೆ.

“ಅಕ್ಷರ ಎಲ್ಲ ಕೆಟ್ಟುಹೋಗಿದೆ ಪುಟ್ಟೀ.”

“ಕೆಟ್ಟುಹೋಗಿದೆ ಅಂದ್ರೆ ಹೇಗೆ ಕಾಣ್ತಿದೆ ಅಜ್ಜ?”

“ಏನೇನೋ ಕಾಣ್ತಿದೆ. ಇಂಗ್ಲಿಷಿನ ಪಿ ಇದೆ. ಪಕ್ಕದಲ್ಲಿ ಎ, ಅದರ ತಲೆ ಮೇಲೆ ಒಂದು ಗೀಟು. ಆಮೇಲೆ ಪೌಂಡಿನ ಗುರುತು. ನಾನು ಯಾವತ್ತೂ ಪೌಂಡು ಬರೆದವನಲ್ಲ!”

ಹೀಗೇ ಮಾತಾಡುತ್ತ ಹೋದರೆ ಇಬ್ಬರಿಗೂ ಸುಸ್ತು. ನಮ್ಮ ಹಿರಿಯರಿಗೆ ಅತಿ ಕಷ್ಟವಾಗುವುದು ಪರದೆಯ ಮೇಲೆ ಕಂಡದ್ದಕ್ಕೆ ಹೆಸರು ಹೇಳುವುದು. ಐಕಾನ್, ಟ್ಯಾಬ್, ಮೆನು ಅಂತ ನಾವು ಸಲೀಸಾಗಿ ಹೇಳುತ್ತೇವೆ. ಅವರಿಗೆ ಅದೆಲ್ಲ “ಆ ಮೂಲೆಯಲ್ಲಿರೋದು”. ಅಜ್ಜನ ಪಕ್ಕದಲ್ಲಿ ಕೂತಿದ್ದರೆ ಆ ಮೂಲೆಯನ್ನು ಬೆರಳಿಟ್ಟು ತೋರಿಸಬಹುದಿತ್ತು. ಹದಿನಾಲ್ಕು ಸಾವಿರ ಕಿಲೋಮೀಟರ್ ದೂರದಿಂದ ಬೆರಳಿಡುವುದು ಹೇಗೆ?

ಅದಕ್ಕೆ ಉಪಾಯವಿದೆ. ಅಜ್ಜ ತಮ್ಮ ಪರದೆಯನ್ನು ಹಂಚಿಕೊಂಡರು, ಮೊಮ್ಮಗಳು ನೋಡಿದಳು, ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು. ಕಂಪ್ಯೂಟರಿಗೆ ಅಕ್ಷರದ ಆಕಾರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆಕಾರ ಬಿಡಿಸುವುದು ಫಾಂಟಿನ ಕೆಲಸ. 163 ಅನ್ನುವ ಸಂಖ್ಯೆ ಸಿಕ್ಕಿದರೆ ಇಂಗ್ಲಿಷ್ ಫಾಂಟು ಪೌಂಡಿನ ಗುರುತು ಬರೆಯುತ್ತದೆ. ನುಡಿಯ ಹಳೆಯ ಫಾಂಟು ಅದೇ ಸಂಖ್ಯೆಗೆ ‘ನ’ ಅಕ್ಷರದ ಮೈಯನ್ನು ಬರೆಯುತ್ತದೆ. ತಲೆ ಮೇಲೆ ಗೀಟು ಹೊತ್ತ ಆ ‘ಎ’ ಇದೆಯಲ್ಲ, ಅದೇ ನಮ್ಮ ತಲೆಕಟ್ಟು. ಅಜ್ಜ ಓದಿ ಹೇಳುತ್ತಿದ್ದದ್ದು ‘ಕನ್ನಡ’ ಅನ್ನುವ ಪದವನ್ನೇ! ಹೊಸ ಲ್ಯಾಪ್‌ಟಾಪಿನಲ್ಲಿ ನುಡಿ ಇರಲಿಲ್ಲ, ಅಷ್ಟೆ. ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಮಾಡಿದ ಉಚಿತ ತಂತ್ರಾಂಶ ಅದು. ಹಾಕಿಕೊಂಡು ಫಾಂಟು ಆರಿಸಿದ್ದೇ ತಡ, ದೇವಸ್ಥಾನದ ಲೆಕ್ಕವೆಲ್ಲ ಪೈಸೆಗೆ ಪೈಸೆ ಅಲ್ಲೇ ಇತ್ತು.

ಇನ್ನು ನಿಜವಾದ ಪ್ರಶ್ನೆಗೆ ಬರೋಣ. ಅಜ್ಜನ ಪರದೆ ಅಷ್ಟು ದೂರ ಹೋದದ್ದು ಹೇಗೆ?

ಪರದೆ ಅಂದರೆ ಚುಕ್ಕಿಗಳು. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080. ಗುಣಿಸಿ ನೋಡಿ, 20,73,600 ಚುಕ್ಕಿ. ಪ್ರತಿ ಚುಕ್ಕಿಗೂ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಅನ್ನುವ ಮೂರು ಸಂಖ್ಯೆ ಬೇಕು. ಒಂದೊಂದೂ 0ಯಿಂದ 255ರ ಒಳಗಿನದು. ಅಂಥ ಒಂದು ಸಂಖ್ಯೆಗೆ ಬೇಕಾಗುವ ಜಾಗವೇ ಒಂದು ಬೈಟ್. ಅಂದರೆ ಒಂದು ಪರದೆಗೆ 62 ಲಕ್ಷ ಬೈಟ್ ದಾಟಿತು. ಚಲನೆ ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ 30 ಸಲ ಕಳಿಸಬೇಕು. ಆಗ ಸೆಕೆಂಡಿಗೆ 18 ಕೋಟಿ ಬೈಟಿಗೂ ಹೆಚ್ಚು! ನಿಮ್ಮ ಮನೆಯದು 50 ಎಂಬಿಪಿಎಸ್ ಇಂಟರ್‌ನೆಟ್ ಆಗಿದ್ದರೆ (ಅದರ ಲೆಕ್ಕ ಬೈಟಿನಲ್ಲಲ್ಲ, ಬೈಟಿಗಿಂತ ಚಿಕ್ಕದಾದ ಬಿಟ್‌ನಲ್ಲಿ), ಅಂಥ ಸುಮಾರು 30 ಮನೆಗಳ ಇಂಟರ್‌ನೆಟ್ ಒಟ್ಟು ಸೇರಿಸಿದರೆ ಇದಕ್ಕೆ ಸಾಕಾದೀತು.

ಹಾಗಾದರೆ ಕೆಲಸ ನಡೆಯುವುದು ಹೇಗೆ? ಅಂಗಳದಲ್ಲಿ ನೀವೊಂದು ದೊಡ್ಡ ಚುಕ್ಕಿ ರಂಗೋಲಿ ಹಾಕಿದ್ದೀರಿ, ಬೇರೆ ಊರಿನಲ್ಲಿ ನಿಮ್ಮ ಅಕ್ಕನೂ ಅದನ್ನೇ ಹಾಕಿದ್ದಾಳೆ ಅಂದುಕೊಳ್ಳಿ. ನೀವು ಒಂದು ಎಸಳಿನ ಬಣ್ಣ ಬದಲಿಸಿದಿರಿ. ಅಕ್ಕನಿಗೆ ಮೊದಲ ಚುಕ್ಕಿಯಿಂದ ಎಲ್ಲವನ್ನೂ ಮತ್ತೆ ಹೇಳುತ್ತೀರಾ? “ಮೂರನೇ ಸಾಲಿನ ಬಲಗಡೆ ಎಸಳು ಹಳದಿ ಮಾಡು” ಅಂದರೆ ಸಾಕು. ಪರದೆ ಹಂಚುವ ತಂತ್ರಾಂಶ ಮಾಡುವುದೂ ಇಷ್ಟೇ. ಮೊದಲು ಒಂದು ಸಲ ಇಡೀ ಚಿತ್ರ ಕಳಿಸುತ್ತದೆ, ಆಮೇಲೆ ಬದಲಾದ ತುಂಡನ್ನು ಮಾತ್ರ. ಅಜ್ಜ ಒಂದು ಅಕ್ಷರ ಟೈಪ್ ಮಾಡಿದರೆ ಬೆರಳಗಲದ ಜಾಗವಷ್ಟೇ ಬದಲಾಗುತ್ತದೆ, ಮಿಕ್ಕ ಇಪ್ಪತ್ತು ಲಕ್ಷ ಚುಕ್ಕಿ ಇದ್ದಲ್ಲೇ ಇರುತ್ತವೆ. ಪುಟವನ್ನು ಮೇಲಕ್ಕೆ ಸರಿಸಿದರೆ ಇನ್ನೂ ಜಾಣತನ: “ನಿನ್ನ ಹತ್ತಿರ ಇರುವ ಈ ಚೌಕವನ್ನೇ ಅಷ್ಟು ಮೇಲಕ್ಕೆ ಇಟ್ಟುಕೋ” ಅಂತ ಒಂದು ಸೂಚನೆ ಹೋದರೆ ಮುಗಿಯಿತು. ಬಿಳಿಯ ಜಾಗ ದೊಡ್ಡದಾಗಿದ್ದರೆ “ಇಲ್ಲಿಂದ ಅಲ್ಲಿವರೆಗೆ ಬಿಳಿ” ಅಂದರಾಯಿತು. ಪರದೆ ಹಂಚಿಕೊಂಡಾಗ ಸಿನಿಮಾ ಹಾಕಿ ನೋಡಿ, ಚಿತ್ರ ಮಸುಕಾಗಿ ತಡವರಿಸುತ್ತದೆ. ಯಾಕೆ ಅಂತ ಈಗ ನೀವೇ ಹೇಳಬಲ್ಲಿರಿ: ಅಲ್ಲಿ ಪ್ರತಿ ಕ್ಷಣವೂ ಹೆಚ್ಚುಕಡಿಮೆ ಎಲ್ಲ ಚುಕ್ಕಿಯೂ ಬದಲಾಗುತ್ತಿರುತ್ತದೆ.

ಇದು ಪರದೆ ಬರುವ ದಾರಿಯ ಕಥೆ. ಕೈ ಹೋಗುವ ದಾರಿ ಬೇರೆ. ಮೊಮ್ಮಗಳು ಅಲ್ಲಿ ಮೌಸ್ ಅಲ್ಲಾಡಿಸಿದರೆ ಇಲ್ಲಿಗೆ ಬರಬೇಕಾದ್ದು ಎಷ್ಟು? ಬಾಣ ಅಡ್ಡಕ್ಕೆ ಎಲ್ಲಿದೆ, ಉದ್ದಕ್ಕೆ ಎಲ್ಲಿದೆ, ಗುಂಡಿ ಒತ್ತಿದೆಯೋ ಇಲ್ಲವೋ. ವಿಎನ್‌ಸಿ ಅನ್ನುವ ಹೆಸರಾದ ಪದ್ಧತಿಯಲ್ಲಿ ಈ ಸುದ್ದಿಗೆ ಬರೀ 6 ಬೈಟ್ ಸಾಕು. ಕೀಲಿಮಣೆಯ ಒಂದು ಕೀಲಿಗೆ 8 ಬೈಟ್. ನೋಡುವುದಕ್ಕೆ ಅಗಲದ ದಾರಿ ಬೇಕು, ಮಾಡುವುದಕ್ಕೆ ಕಿರಿದಾದ ದಾರಿಯೇ ಸಾಕು.

ಈ ಸಂಗತಿಯನ್ನು ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಅನ್ನುವವರು 1968ರ ಡಿಸೆಂಬರ್ 9ರಂದೇ ಜನರ ಎದುರು ಮಾಡಿ ತೋರಿಸಿದ್ದರು. ಅವರು ಕೂತಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಒಂದು ಸಭಾಂಗಣದ ವೇದಿಕೆಯಲ್ಲಿ. ಕಂಪ್ಯೂಟರ್ ಇದ್ದದ್ದು ಸುಮಾರು 48 ಕಿಲೋಮೀಟರ್ ದೂರದ ಮೆನ್ಲೊ ಪಾರ್ಕಿನಲ್ಲಿ. ಆಗ ಇಂಟರ್‌ನೆಟ್ ಇರಲಿಲ್ಲ. ಅಲ್ಲಿನ ಪರದೆಯನ್ನು ಟಿವಿ ಕ್ಯಾಮೆರಾದಲ್ಲಿ ಹಿಡಿದು ಮೈಕ್ರೋವೇವ್ ಅಲೆಗಳ ಮೂಲಕ ಸಭಾಂಗಣಕ್ಕೆ ತಂದರು. ಎಂಗೆಲ್‌ಬಾರ್ಟರ ಕೈಯ ಚಲನೆ ಮಾತ್ರ ಒಂದು ಸಣ್ಣ ಮೋಡೆಮಿನಲ್ಲಿ ವಾಪಸು ಹೋಗುತ್ತಿತ್ತು. ಅವರ ಕೈಯಲ್ಲಿದ್ದ ಆ ಪುಟ್ಟ ಪೆಟ್ಟಿಗೆಯ ಹೆಸರು ಮೌಸ್. ಸಭೆಯಲ್ಲಿದ್ದ ಬಹುಮಂದಿ ಮೌಸ್ ಅನ್ನುವುದನ್ನು ಕಂಡದ್ದೇ ಅವತ್ತು ಮೊದಲು. ಮೆನ್ಲೊ ಪಾರ್ಕಿನಲ್ಲಿದ್ದ ಗೆಳೆಯ ಬಿಲ್ ಪ್ಯಾಕ್ಸ್‌ಟನ್ ಅವರ ಮುಖ ಪರದೆಯ ಒಂದು ಮೂಲೆಯಲ್ಲಿ ಮೂಡಿತು. ಇಬ್ಬರೂ ಒಂದೇ ಬರಹವನ್ನು ನೋಡುತ್ತ ಮಾತಾಡಿದರು. ಇಂದು ನೀವು ವಿಡಿಯೊ ಕಾಲಿನಲ್ಲಿ ಮಾಡುವುದನ್ನೇ ಅಂದು ಅವರು ಮಾಡಿದ್ದರು.

ವಿಎನ್‌ಸಿ ಹುಟ್ಟಿದ್ದು ಮೂವತ್ತು ವರ್ಷದ ಮೇಲೆ, 1990ರ ದಶಕದ ಕೊನೆಯಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಅದನ್ನು ಕಟ್ಟಿದವರಲ್ಲಿ ಕ್ವೆಂಟಿನ್ ಸ್ಟಾಫರ್ಡ್-ಫ್ರೇಜರ್ ಒಬ್ಬರು. ಇವರದ್ದೇ ಇನ್ನೊಂದು ಕಥೆ ನನಗೆ ತುಂಬಾ ಇಷ್ಟ. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಎಲ್ಲರಿಗೂ ಸೇರಿ ಒಂದೇ ಕಾಫಿ ಪಾತ್ರೆ ಇತ್ತು. ಬೇರೆ ಮಹಡಿಯಿಂದ ಇಳಿದು ಬಂದರೆ ಪಾತ್ರೆ ಖಾಲಿ! ಇವರೂ ಗೆಳೆಯರೂ ಸೇರಿ ಪಾತ್ರೆಯ ಎದುರಿಗೆ ಒಂದು ಕ್ಯಾಮೆರಾ ಇಟ್ಟರು. ಕಪ್ಪು-ಬಿಳುಪಿನ ಚಿತ್ರ, ಅಡ್ಡಕ್ಕೂ ಉದ್ದಕ್ಕೂ 128 ಚುಕ್ಕಿ, ನಿಮಿಷಕ್ಕೆ ಸುಮಾರು ಮೂರು ಸಲ ಮಾತ್ರ ಬದಲಾಗುತ್ತಿತ್ತು. ಪಾತ್ರೆಯಲ್ಲಿ ಕಾಫಿ ಏರುವುದೂ ನಿಧಾನವಾಗಿಯೇ, ಹಾಗಾಗಿ ಅಷ್ಟು ಸಾಕಿತ್ತು. ಎಷ್ಟು ಬೇಕೋ ಅಷ್ಟನ್ನೇ ಕಳಿಸುವ ಈ ಬುದ್ಧಿವಂತಿಕೆ ವಿಎನ್‌ಸಿಯಲ್ಲೂ ಇದೆ.

ದೂರದಿಂದ ಮೌಸ್ ಆಡಿಸುವಾಗ ಒಂದು ವಿಚಿತ್ರ ನೀವು ಗಮನಿಸಿರಬಹುದು. ಒತ್ತಿದ ತಕ್ಷಣ ಏನೂ ಆಗುವುದಿಲ್ಲ, ಒಂದು ಚೂರು ತಡೆದು ಆಗುತ್ತದೆ. ಸಮುದ್ರದಡಿಯ ಗಾಜಿನ ಎಳೆಗಳಲ್ಲಿ ಬೆಳಕಾಗಿ ಸುದ್ದಿ ಓಡುತ್ತದೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ನೆಟ್ಟಗೆ ಹೋದರೂ ಕ್ಯಾಲಿಫೋರ್ನಿಯಾಕ್ಕೆ ಸೆಕೆಂಡಿನ ನೂರರಲ್ಲಿ ಏಳು ಪಾಲು ಬೇಕು, ಹೋಗಿ ಬರಲು ಹದಿನಾಲ್ಕು ಪಾಲು. ಕೇಬಲ್ಲು ನೆಟ್ಟಗೂ ಹೋಗುವುದಿಲ್ಲ. ಮುಂಬೈಯಲ್ಲೋ ಚೆನ್ನೈಯಲ್ಲೋ ಸಮುದ್ರಕ್ಕಿಳಿದು ಸುತ್ತಿ ಬಳಸಿ ಸಾಗುತ್ತದೆ. ಆದ್ದರಿಂದ ನಿಜದಲ್ಲಿ ಇನ್ನೂ ತಡ. ಅದಕ್ಕೇ ದೂರದಲ್ಲಿರುವವರಿಗೆ ಸಹಾಯ ಮಾಡುವಾಗ ಪಟಪಟನೆ ಎರಡೆರಡು ಸಲ ಒತ್ತಬಾರದು. ಒತ್ತಿ, ಕಾಯಿರಿ, ಪರದೆ ಬದಲಾದದ್ದನ್ನು ನೋಡಿ, ಆಮೇಲೆ ಮುಂದಿನದು.

ಕಾಯುವುದರಲ್ಲಿ ವಾಯೇಜರ್-1ರ ಎಂಜಿನಿಯರುಗಳಿಗೆ ಸಮ ಇಲ್ಲ. 1977ರಲ್ಲಿ ಹೊರಟ ಆ ಬಾಹ್ಯಾಕಾಶ ನೌಕೆ 2023ರ ನವೆಂಬರಿನಲ್ಲಿ ಅರ್ಥವಿಲ್ಲದ ಸಂಕೇತ ಕಳಿಸತೊಡಗಿತು. ಅದು ಇದ್ದದ್ದು ಸುಮಾರು 2,400 ಕೋಟಿ ಕಿಲೋಮೀಟರ್ ದೂರದಲ್ಲಿ. ಒಂದು ಸೂಚನೆ ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. ಹಂಚಿಕೊಳ್ಳಲು ಅಲ್ಲಿ ಪರದೆಯೂ ಇಲ್ಲ. ಒಂದು ಚಿಪ್ ಕೆಟ್ಟಿದೆ ಅಂತ ಲೆಕ್ಕ ಹಾಕಿ ಕಂಡುಕೊಂಡರು. ಅದರಲ್ಲಿದ್ದ ಸೂಚನೆಗಳನ್ನು ತುಂಡು ಮಾಡಿ ನೆನಪಿನ ಬೇರೆ ಬೇರೆ ಜಾಗಗಳಿಗೆ ಹಂಚಿ ಕಳಿಸಿದರು. 2024ರ ಏಪ್ರಿಲಿನಲ್ಲಿ ನೌಕೆ ಮತ್ತೆ ತನ್ನ ಆರೋಗ್ಯದ ಸುದ್ದಿಯನ್ನು ಅರ್ಥವಾಗುವಂತೆ ಕಳಿಸಿತು!

ಭೂಮಿಗೆ ವಾಪಸು ಬರೋಣ. ಯಾರು ಬೇಕಾದರೂ ಅಜ್ಜನ ಲ್ಯಾಪ್‌ಟಾಪಿಗೆ ನುಗ್ಗಬಹುದೇ? ಸುಲಭವಿಲ್ಲ. ಮನೆಯ ರೂಟರ್ ಒಳಗಿನವರು ಕೇಳಿದ್ದಕ್ಕೆ ಬಂದ ಉತ್ತರವನ್ನು ಒಳಗೆ ಬಿಡುತ್ತದೆ, ಕೇಳದೆ ಬಂದದ್ದನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ಅಜ್ಜನ ಯಂತ್ರವೂ ಮೊಮ್ಮಗಳ ಯಂತ್ರವೂ ತಾವಾಗಿಯೇ ಹೊರಗಿನ ಒಂದು ಸರ್ವರಿಗೆ ಹೋಗಿ ಅಲ್ಲಿ ಭೇಟಿಯಾಗುತ್ತವೆ. ಯಾರು ಯಾರ ಜೋಡಿ ಅಂತ ಸರ್ವರಿಗೆ ತಿಳಿಯಬೇಕಲ್ಲ, ಅದಕ್ಕೇ ಒಂದು ಗುಟ್ಟಿನ ಸಂಖ್ಯೆ. ಕ್ರೋಮ್ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಹೀಗೆ ಸಹಾಯ ಪಡೆಯುವಾಗ 12 ಅಂಕಿಯ ಸಂಖ್ಯೆ ಬರುತ್ತದೆ, ಒಂದು ಸಲ ಬಳಸಿದರೆ ಅದು ಮುಗಿಯಿತು. ದಾರಿಯಲ್ಲಿ ಹೋಗುವ ಚುಕ್ಕಿಗಳೆಲ್ಲ ಗೂಢಲಿಪಿಯಲ್ಲಿರುತ್ತವೆ, ನಡುವೆ ಕದ್ದು ನೋಡಿದವರಿಗೆ ಏನೂ ತಿಳಿಯದು.

ಕಳ್ಳರು ಇದಕ್ಕೂ ಒಂದು ದಾರಿ ಹುಡುಕಿದ್ದಾರೆ, ಇದನ್ನು ಗಮನವಿಟ್ಟು ಓದಿ. ಬೀಗ ಮುರಿಯುವ ಬದಲು ಅವರು ಫೋನ್ ಮಾಡಿ ಸಂಖ್ಯೆಯನ್ನೇ ಕೇಳುತ್ತಾರೆ. “ಬ್ಯಾಂಕಿನಿಂದ ಮಾತಾಡ್ತಿದ್ದೀವಿ, ನಿಮ್ಮ ಕೆವೈಸಿ ಮುಗಿದಿದೆ, ಈ ಆ್ಯಪ್ ಹಾಕಿಕೊಳ್ಳಿ” ಅನ್ನುತ್ತಾರೆ. ಹಾಕಿ ಸಂಖ್ಯೆ ಹೇಳಿದರೆ ಅಜ್ಜಿಯ ಫೋನಿನ ಪರದೆ ಕಳ್ಳನ ಮುಂದೆ. ಒಟಿಪಿ ಬಂದರೆ ಅಜ್ಜಿಗಿಂತ ಮೊದಲು ಅವನೇ ಓದುತ್ತಾನೆ. ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕು 2019ರಲ್ಲೇ ಎಚ್ಚರಿಸಿತ್ತು. ನೀವು ಮನೆಯವರಿಗೆ ಒಂದೇ ಪ್ರಶ್ನೆ ಕಲಿಸಿ: ಮೊದಲು ಫೋನ್ ಮಾಡಿದ್ದು ಯಾರು? ನಮಗೆ ತೊಂದರೆಯಾಗಿ, ನಾವೇ ಕರೆದು, ಗುರುತಿನವರಿಗೆ ಸಂಖ್ಯೆ ಕೊಟ್ಟರೆ ಸರಿ. ಅವರಾಗಿ ಫೋನ್ ಮಾಡಿ ಕೇಳಿದರೆ, ಯಾರೇ ಆಗಿರಲಿ, ಕೊಡಬಾರದು. ಹಣ ಹೋಗಿಯೇ ಬಿಟ್ಟಿದ್ದರೆ ಅಳುತ್ತಾ ಕೂರದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಬೇಗ ಹೇಳಿದಷ್ಟೂ ಹಣ ತಡೆಯುವ ಸಾಧ್ಯತೆ ಹೆಚ್ಚು.

ಸಹಾಯ ಮಾಡುವವರಿಗೂ ಕೆಲವು ರೀತಿನೀತಿ ಇದೆ. ಪರದೆ ತೆರೆಯುವ ಮೊದಲು “ಅಜ್ಜ, ಬೇರೆ ಪತ್ರ, ಫೋಟೊ ಏನಾದರೂ ತೆರೆದಿದ್ದರೆ ಮುಚ್ಚಿಬಿಡಿ” ಅನ್ನಿ. ಪಾಸ್‌ವರ್ಡ್ ಹಾಕುವಾಗ ನಿಮಗೆ ಹೇಳುವುದು ಬೇಡ, ಅವರೇ ಹಾಕಲಿ. ಎಲ್ಲಕ್ಕಿಂತ ಮುಖ್ಯ, ನೀವೇ ಎಲ್ಲ ಮಾಡಿ ಮುಗಿಸಬೇಡಿ. ನಿಮ್ಮ ಬಾಣವನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿ, “ಇಲ್ಲಿ ನೀವೇ ಒತ್ತಿ ಅಜ್ಜ” ಅನ್ನಿ. ಕೈ ನಡುಗಿ ತಪ್ಪು ಜಾಗಕ್ಕೆ ಬಿದ್ದರೂ ಪರವಾಗಿಲ್ಲ, ಇನ್ನೊಂದು ಸಲ. ನಾಳೆ ಅದೇ ಫೈಲು ತೆರೆಯುವಾಗ ನೀವು ಅಲ್ಲಿರುವುದಿಲ್ಲ, ಅವರ ಬೆರಳಿಗೆ ದಾರಿ ನೆನಪಿರಬೇಕು. ಕೆಲಸ ಮುಗಿದ ಮೇಲೆ ಹಂಚಿಕೆ ನಿಲ್ಲಿಸುವ ಗುಂಡಿಯನ್ನೂ ಅವರ ಕೈಯಿಂದಲೇ ಒತ್ತಿಸಿ. ಬೇಕಾದಾಗ ನಿಲ್ಲಿಸುವ ಅಧಿಕಾರ ತಮ್ಮದು ಅಂತ ಅವರಿಗೆ ಗೊತ್ತಿರಲಿ.

ಇಷ್ಟೆಲ್ಲ ಇದ್ದರೂ ಒಂದು ತೊಂದರೆಗೆ ಪರದೆ ಹಂಚಿಕೆಯಿಂದ ಉಪಯೋಗವಿಲ್ಲ: ಇಂಟರ್‌ನೆಟ್ಟೇ ಹೋದಾಗ. ಮಲೆನಾಡಿನ ಮಳೆಗಾಲದಲ್ಲಿ ಇದು ಹೊಸದೇನಲ್ಲ. ಆಗ ಅಜ್ಜ ಫೋನಿನ ಕ್ಯಾಮೆರಾವನ್ನು ರೂಟರಿನ ಎದುರು ಹಿಡಿಯಲಿ. ಮೊಬೈಲ್ ಸಿಗ್ನಲ್ಲೂ ದುರ್ಬಲವಾಗಿದ್ದರೆ ಒಂದು ಫೋಟೊ ಸಾಕು. ಫೈಬರ್ ರೂಟರಿನಲ್ಲಿ ಸಣ್ಣ ದೀಪಗಳ ಸಾಲು ಇರುತ್ತದೆ, ಅದರಲ್ಲಿ ಎಲ್‌ಒಎಸ್ ಅಂತ ಬರೆದ ದೀಪ ಹುಡುಕಿ. ಅದು ಆರಿದ್ದರೆ ಬೆಳಕು ರೂಟರಿನವರೆಗೆ ಬರುತ್ತಿದೆ, ತೊಂದರೆ ಬೇರೆ ಎಲ್ಲೋ ಇದೆ, ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಬಹುದು. ಕೆಂಪಾಗಿ ಮಿನುಗುತ್ತಿದ್ದರೆ ಗಾಜಿನ ಎಳೆಯಲ್ಲಿ ಬೆಳಕೇ ಬರುತ್ತಿಲ್ಲ. ಮೊದಲು ರೂಟರಿನ ಹಿಂದೆ ಎಳೆ ಸಡಿಲವಾಗಿದೆಯೇ, ಗೋಡೆಯ ಮೂಲೆಯಲ್ಲಿ ಮಡಚಿಕೊಂಡಿದೆಯೇ ಅಂತ ನೋಡಲಿ. ಎರಡೂ ಸರಿ ಇದ್ದರೆ ರಾತ್ರಿಯ ಗಾಳಿಗೆ ಕೊಂಬೆ ಬಿದ್ದು ಎಲ್ಲೋ ತುಂಡಾಗಿರಬೇಕು. ಕೇಬಲ್ಲಿನವರಿಗೆ ಫೋನ್ ಮಾಡುವಾಗ “ಎಲ್‌ಒಎಸ್ ಕೆಂಪಾಗಿದೆ” ಅಂತಲೇ ಹೇಳಲಿ. ಅವರು ಏಣಿ ಸಮೇತ ಬರುತ್ತಾರೆ.