ಗೋಡೆಯೊಳಗಿನ ವೈರು
(ವಾರ್ಷಿಕ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ನಾನು ತುಮಕೂರಿನ ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿತವನು. ಈಗ ಲೈಸೆನ್ಸ್ ಇರುವ ಮಾಸ್ಟರ್ ಒಬ್ಬರ ಕೈಕೆಳಗೆ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಅಂತ ಕೆಲಸ ಇದ್ದಲ್ಲಿಗೆ ಓಡಾಡ್ತೀನಿ. ನಮ್ಮವರ ಮನೆಗೆ ಹೋದರೆ ಒಂದೇ ಬೇಡಿಕೆ: "ಒಗ್ಗರಣೆ ಹಾಕಿದ ತಕ್ಷಣ ಸ್ಮೋಕ್ ಅಲಾರಂ ಕೂಗುತ್ತೆ. ಒಂದು ಚಿಮಣಿ ಹಾಕಿಕೊಡು, ವೈರು ಮಾತ್ರ ಕಾಣಬಾರದು." ಆ 'ಕಾಣಬಾರದು' ಅನ್ನೋದರ ಬಗ್ಗೆಯೇ ಇವತ್ತು ನಾಲ್ಕು ಮಾತು.

ಮೊದಲು ಬಣ್ಣ. ಊರಲ್ಲಿ ಕೆಂಪು, ಹಳದಿ, ನೀಲಿ ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್. ಇಲ್ಲಿ ಕಪ್ಪೇ ಫೇಸು! ಬಿಳಿ ನ್ಯೂಟ್ರಲ್, ಹಸಿರು ಇಲ್ಲವೇ ಬರೀ ತಾಮ್ರ ಅರ್ಥಿಂಗ್. ಊರಲ್ಲಿ ಕೆಲಸ ಮಾಡಿ ಬಂದವರ ಕೈ ಬುದ್ಧಿಗಿಂತ ಬೇಗ ಓಡುತ್ತೆ, ಜೋಪಾನ. ಬಿಳಿಯನ್ನೂ ಪೂರ್ತಿ ನಂಬಬೇಡಿ. ಸ್ವಿಚ್ಚಿಗೆ ಇಳಿದ ಬಿಳಿ ವೈರಿನಲ್ಲಿ ಕೆಲವು ಕಡೆ ಫೇಸ್ ಇರುತ್ತೆ. ಬ್ರೇಕರ್ ಇಳಿಸಿದ ಮೇಲೂ ಟೆಸ್ಟರನ್ನು ಕರೆಂಟ್ ಇರುವ ಕಡೆ ಹಿಡಿದು ನೋಡಿ, ಆಮೇಲೆ ಕೆಲಸದ ವೈರಿಗೆ ಹಿಡಿಯಿರಿ, ಮತ್ತೆ ಕರೆಂಟ್ ಇರುವ ಕಡೆ ಹಿಡಿಯಿರಿ. ಟೆಸ್ಟರೇ ಸತ್ತಿದ್ದರೆ ಹಾಗೆ ಗೊತ್ತಾಗುತ್ತೆ. ಇನ್ನು ಊರಿಂದ ಚಿಮಣಿ ಹೊತ್ತು ತರಬೇಡಿ. ಅದು 230 ವೋಲ್ಟ್, 50 ಹರ್ಟ್ಸ್‌ನದು; ಇಲ್ಲಿನ ಸಾಮಾನ್ಯ ಲೈನು 120 ವೋಲ್ಟ್, 60 ಹರ್ಟ್ಸ್.

ಎರಡನೆಯದು, ಲೈನು ಎಲ್ಲಿಂದ? ಪಕ್ಕದಲ್ಲೇ ಇದೆ ಅಂತ ಅಡುಗೆ ಕಟ್ಟೆಯ ಮಿಕ್ಸಿ ಸಾಕೆಟ್ಟಿನಿಂದ ಎಳೆಯಬೇಡಿ. ಆ 20 ಆಂಪ್ ಲೈನಿನಿಂದ ಚಿಮಣಿಗೆ ಕೊಡುವಂತಿಲ್ಲ. ಪ್ಲಗ್ ಹಾಕುವ ಚಿಮಣಿಗಾದರೆ ಪ್ಯಾನೆಲಿನಿಂದ ಅದಕ್ಕೇ ಬೇರೆ ಲೈನು ಬೇಕು. ತಾಮ್ರದ ವೈರಾದರೆ 15 ಆಂಪ್ ಬ್ರೇಕರಿಗೆ 14 ಗೇಜ್, 20 ಆಂಪಿಗೆ 12 ಗೇಜ್. ಅದಕ್ಕಿಂತ ಸಣ್ಣದು ಬೇಡ.

ಮೂರನೆಯದು ಗೋಡೆ. ಊರಲ್ಲಿ ಇಟ್ಟಿಗೆ ಗೋಡೆ ಕೊರೆದು ಪಿವಿಸಿ ಪೈಪ್ ಹಾಕಿ ಸಿಮೆಂಟ್ ಮೆತ್ತುತ್ತೇವೆ. ಇಲ್ಲಿ ಹೆಚ್ಚಿನ ಮನೆಗಳಲ್ಲಿ ಮರದ ಕಂಬ, ಅದರ ಮೇಲೆ ಬಿಸ್ಕತ್ತಿನಂಥ ಡ್ರೈವಾಲ್. ಕೇಬಲ್ಲಿಗೆ ಪೈಪಿನ ಕಾವಲು ಇಲ್ಲ. ಹಾಗಾಗಿ ತೂತಿನ ಅಂಚು ಕಂಬದ ಅಂಚಿನಿಂದ ಒಂದೂಕಾಲು ಇಂಚಾದರೂ ಒಳಗಿರಬೇಕು. ಕಂಬದ ಅಗಲ ಮೂರೂವರೆ ಇಂಚು. ನಟ್ಟನಡುವೆ ಒಂದಿಂಚು ತೂತು ಕೊರೆದರೆ ಎರಡೂ ಕಡೆ ಸರಿಯಾಗಿ ಒಂದೂಕಾಲು ಉಳಿಯುತ್ತೆ. ಜಾಗ ಸಾಲದಿದ್ದರೆ ಉಕ್ಕಿನ ತಗಡು ಹೊಡೆಯಿರಿ. ನಾಳೆ ಯಾರೋ ಮಸಾಲೆ ಶೆಲ್ಫ್ ಹಾಕೋಕೆ ಸ್ಕ್ರೂ ತಿರುಗಿಸ್ತಾರೆ. ಆ ಗೋಡೆ ಹಿಂದೆ ಏನಿದೆ ಅಂತ ಅವರಿಗೆ ಗೊತ್ತಿರಲ್ಲ.

ಆಸ್ಟಿನ್ ಕಡೆ ಒಂದು ಮನೆಯಲ್ಲಿ ಹಳೇ ಚಿಮಣಿ ಬಿಚ್ಚಿದಾಗ, ಮೊದಲು ಯಾರೋ ಮಾಡಿದ್ದ ಕೆಲಸ ಹೊರಗೆ ಬಂತು. ಎಕ್ಸ್‌ಟೆನ್ಷನ್ ಕಾರ್ಡನ್ನು ಗೋಡೆಯೊಳಗೆ ಇಳಿಸಿ, ಬಾಕ್ಸ್ ಇಲ್ಲದೆ ಟೇಪ್ ಸುತ್ತಿ ಸೇರಿಸಿದ್ದರು. ಟೇಪ್ ಕಂದು ಹಿಡಿದಿತ್ತು, ಮುಟ್ಟಿದರೆ ಉದುರಿತು. ಹೊರಗಿನಿಂದ ನೋಡಿದರೆ ಬಹಳ ಚೆಂದದ ಅಡುಗೆಮನೆ. ಕಾರ್ಡು ಗೋಡೆಯೊಳಗೆ ಹೋಗುವಂತಿಲ್ಲ. ಜೋಡಣೆ ಎಲ್ಲಿದ್ದರೂ ಬಾಕ್ಸಿನಲ್ಲಿರಬೇಕು, ಆ ಬಾಕ್ಸು ಗೋಡೆ ಒಡೆಯದೆ ಕೈಗೆ ಸಿಗಬೇಕು. ವೈರು ಬಚ್ಚಿಡಿ, ಜೋಡಣೆ ಬಚ್ಚಿಡಬೇಡಿ.

ಕೊನೆಗೆ ನಮ್ಮ ಹೊಟ್ಟೆಪಾಡಿನ ಮಾತು. "ಐಟಿಐ ಇದೆಯಲ್ಲ, ಭಾನುವಾರ ಬಂದು ಮಾಡಿಕೊಡು, ನಗದು ಕೊಡ್ತೀನಿ" ಅನ್ನೋರಿದ್ದಾರೆ. ನಮ್ಮ ಸರ್ಟಿಫಿಕೇಟ್ ಕೈಗೆ ಕಸುಬು ಕೊಟ್ಟಿದೆ, ಟೆಕ್ಸಾಸಿನ ಲೈಸೆನ್ಸ್ ಕೊಟ್ಟಿಲ್ಲ. ಇಲ್ಲಿ ಜರ್ನಿಮನ್ ಆಗೋಕೆ ಮಾಸ್ಟರ್ ಕೈಕೆಳಗೆ 8,000 ಗಂಟೆ ದುಡಿದು ಪರೀಕ್ಷೆ ಪಾಸಾಗಬೇಕು. ತಾನೇ ವಾಸಿಸುವ ಸ್ವಂತ ಮನೆಯಲ್ಲಿ ಮಾಲೀಕ ಮಾಡಿಕೊಂಡರೆ ರಾಜ್ಯದ ಲೈಸೆನ್ಸಿನಿಂದ ವಿನಾಯಿತಿ ಇದೆ. ಆಗಲೂ ಪರ್ಮಿಟ್ ಬಗ್ಗೆ ನಗರದ ಕಚೇರಿಯಲ್ಲಿ ಕೇಳಿಯೇ ಕೈ ಹಾಕಿ. ಇನ್ನೊಬ್ಬರ ಮನೆಗೆ ಆ ವಿನಾಯಿತಿ ಇಲ್ಲ. ನಗದಿಗೆ ಆಸೆಪಟ್ಟು ಬೆಂಕಿ ಹೊತ್ತಿದರೆ ಮನೆಯೂ ಹೋಯ್ತು, ನಮ್ಮ ಗಂಟೆಗಳ ಲೆಕ್ಕವೂ ಹೋಯ್ತು.

ಇನ್‌ಸ್ಪೆಕ್ಟರ್ ನೋಡುವ ಮುಂಚೆ ಗೋಡೆ ಮುಚ್ಚಬೇಡಿ. ಮುಚ್ಚುವ ಮುಂಚೆ ಟೇಪ್ ಅಳತೆ ಹಿಡಿದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಮನೆಯವರಿಗೆ ಕೊಡಿ. ಮುಂದೆ ಆ ಗೋಡೆಗೆ ಡ್ರಿಲ್ ಹಿಡಿಯುವವನಿಗೆ ಅದು ಬೇಕಾಗುತ್ತೆ.