ಕಾರಿನ ಸ್ಟೀರಿಯೋ: ಅಲ್ಪ ವೆಚ್ಚದಲ್ಲಿ ಸುಶ್ರಾವ್ಯ ಧ್ವನಿ

(ಕನ್ನಡ ಸಂಘದ ಮಾಸಿಕ ಕೂಟದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಳೆದ ಕೂಟದಲ್ಲಿ ಇದೇ ವೇದಿಕೆಯಿಂದ ವಚನ ಸಾಹಿತ್ಯವನ್ನು ಕುರಿತು ವಿದ್ವತ್ಪೂರ್ಣವಾದ ಉಪನ್ಯಾಸ ಕೇಳಿದ ತಮಗೆ, ಇಂದು ಕಾರಿನ ಸ್ಟೀರಿಯೋ ವಿಷಯ ಹಿಡಿದು ಒಬ್ಬನು ನಿಂತಿರುವುದನ್ನು ಕಂಡು ವಿಸ್ಮಯವಾಗಿರಬಹುದು. ಸಮಿತಿಯವರು ಈ ವಿಷಯವನ್ನು ಒಪ್ಪಿಕೊಂಡಾಗ ನನಗೂ ವಿಸ್ಮಯವಾಯಿತು. ನಾನು ಧ್ವನಿವಿಜ್ಞಾನದಲ್ಲಿ ಪಂಡಿತನಲ್ಲ. ಸ್ಕ್ರೂಡ್ರೈವರ್ ಹಿಡಿದು, ತಪ್ಪು ಮಾಡಿ, ತಿದ್ದಿಕೊಂಡು ಅಷ್ಟಿಷ್ಟು ಕಲಿತವನು. ಆದರೆ ನಮ್ಮ ಮಕ್ಕಳ ಕಿವಿಗೆ ಕನ್ನಡ ಬೀಳುವ ಸ್ಥಳಗಳನ್ನು ಎಣಿಸಿ ನೋಡಿ. ಶಾಲೆಯಲ್ಲಿಲ್ಲ, ಆಟದ ಮೈದಾನದಲ್ಲಿಲ್ಲ; ಮನೆಯಲ್ಲಿಯೂ ಊಟದ ಹೊತ್ತಿನ ನಾಲ್ಕು ಮಾತು ಮಾತ್ರ. ನ್ಯೂಜೆರ್ಸಿಯಿಂದ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೊರಟರೆ ಸುಮಾರು ಆರು ತಾಸು ಮಕ್ಕಳು ನಮ್ಮ ಬೆನ್ನ ಹಿಂದೆ ಬೆಲ್ಟು ಬಿಗಿದುಕೊಂಡು ಕುಳಿತಿರುತ್ತಾರೆ. ಆ ಆರು ತಾಸು ಅವರು ಏನನ್ನು ಕೇಳುತ್ತಾರೆ, ಹೇಗೆ ಕೇಳುತ್ತಾರೆ ಎಂಬುದು ಅಷ್ಟೇನೂ ಕ್ಷುಲ್ಲಕವಾದ ಪ್ರಶ್ನೆಯಲ್ಲ.

ನನ್ನ ಸ್ವಂತ ಪ್ರಸಂಗವೊಂದನ್ನು ಹೇಳಬೇಕು. 1993ರಲ್ಲಿ ಊರಿಗೆ ಹೋಗಿದ್ದಾಗ, ಮಲೆನಾಡಿನ ನಮ್ಮ ಮನೆಯ ಜಗಲಿಯಲ್ಲಿ ತಂದೆಯವರನ್ನು ಕೂರಿಸಿ ಒಂದು ಕ್ಯಾಸೆಟ್ ತುಂಬ ಅವರ ಮಾತನ್ನು ಧ್ವನಿಮುದ್ರಿಸಿಕೊಂಡಿದ್ದೆ. ಒಂದು ಬದಿಯಲ್ಲಿ ಕುಮಾರವ್ಯಾಸ ಭಾರತದ ಗಮಕ ವಾಚನ, ಇನ್ನೊಂದು ಬದಿಯಲ್ಲಿ ಅವರ ಬಾಲ್ಯದ ಕಥೆಗಳು. ತಂದೆಯವರು ಈಗಿಲ್ಲ. ಹಲವು ವರ್ಷಗಳ ಅನಂತರ ಆ ಕ್ಯಾಸೆಟ್ಟನ್ನು ಡಿಜಿಟಲ್ ರೂಪಕ್ಕೆ ಇಳಿಸಿ, ಫೋನಿಗೆ ಹಾಕಿಕೊಂಡು, ನಮ್ಮ ಹಳೆಯ ಸೆಡಾನಿನಲ್ಲಿ ಮಗಳಿಗೆ ಕೇಳಿಸಲಾರಂಭಿಸಿದೆ. ಆಗ ಅವಳಿಗೆ ಎಂಟು ವರ್ಷ. ಪೆನ್ಸಿಲ್ವೇನಿಯಾ ಟರ್ನ್‌ಪೈಕಿನಲ್ಲಿ ಎಲ್ಲೋ ಒಂದು ಕಡೆ ಹಿಂದಿನ ಸೀಟಿನಿಂದ ಪ್ರಶ್ನೆ ಬಂತು: “ಅಪ್ಪಾ, ಅಜ್ಜ ಯಾಕೆ ಯಾವಾಗಲೂ ಹಲ್ಲಿ, ಹಲ್ಲಿ ಅಂತಾರೆ?”

ಅಜ್ಜ ಹೇಳುತ್ತಿದ್ದುದು ‘ಹಳ್ಳಿ’. ನಾನು ಅವಳ ಉಚ್ಚಾರಣೆಯನ್ನು ತಿದ್ದಿದೆ. ಗದರಿಸಿದೆ ಎಂದರೂ ಸರಿಯೇ. ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಳಕಾರ ತಿಳಿಯದು ಎಂದು ಮನಸ್ಸಿನಲ್ಲಿಯೇ ತೀರ್ಮಾನಿಸಿಬಿಟ್ಟೆ. ಮನೆಗೆ ಬಂದ ಮೇಲೆ ಅದೇ ಭಾಗವನ್ನು ಹೆಡ್‌ಫೋನಿನಲ್ಲಿ ಕೇಳಿಸಿದಾಗ ಅವಳು ಯಾವ ಅನುಮಾನವೂ ಇಲ್ಲದೆ ‘ಹಳ್ಳಿ’ ಎಂದಳು. ತಪ್ಪು ಮಗುವಿನ ಕಿವಿಯದಲ್ಲ, ಕ್ಯಾಸೆಟ್ಟಿನದೂ ಅಲ್ಲ, ನನ್ನ ಕಾರಿನದು. ಹಿಂದಿನ ಸೀಟಿನಲ್ಲಿ ಕುಳಿತು ನಾನೇ ಕೇಳಿ ನೋಡಿದೆ. ನನಗೂ ‘ಹಲ್ಲಿ’ ಎಂದೇ ಕೇಳಿಸಿತು.

ಇದಕ್ಕೆ ಕಾರಣವುಂಟು. ಸ್ವರಗಳ ಬಲವೆಲ್ಲ ಬಹುಮಟ್ಟಿಗೆ ಕೆಳಗಿನ ಆವೃತ್ತಿಗಳಲ್ಲಿದೆ. ಗಂಡಸರ ಕಂಠದ ಮೂಲ ಆವೃತ್ತಿ ಸೆಕೆಂಡಿಗೆ ನೂರರ ಆಸುಪಾಸಿನ ಕಂಪನಗಳು. ವ್ಯಂಜನಗಳನ್ನು ಪರಸ್ಪರ ಬೇರ್ಪಡಿಸುವ ಲಕ್ಷಣಗಳು ಮೇಲಿನ ಆವೃತ್ತಿಗಳಲ್ಲಿವೆ. ಲಕಾರ ಳಕಾರಗಳ ಭೇದ ಸುಮಾರು ಎರಡು ಮೂರು ಸಾವಿರ ಹರ್ಟ್ಸ್‌ನ ಬಳಿ ಗೋಚರಿಸುತ್ತದೆ. ಶಕಾರದ ಬಲ ಮೂರು ನಾಲ್ಕು ಸಾವಿರದ ಬಳಿ. ಸಕಾರದ್ದು ಐದು ಸಾವಿರಕ್ಕೂ ಮೇಲೆ. ಮಹಾಪ್ರಾಣವೆಂಬುದು ಕ್ಷಣಮಾತ್ರದ ಉಸಿರಿನ ಸದ್ದು. ಕಾರಿನ ಧ್ವನಿವ್ಯವಸ್ಥೆ ಈ ಮೇಲಿನ ಭಾಗವನ್ನು ನುಂಗಿಹಾಕಿದರೆ ಶಂಕರ ಸಂಕರನಾಗುತ್ತಾನೆ, ಬೆಳೆಗೂ ಬೆಲೆಗೂ ವ್ಯತ್ಯಾಸವಿಲ್ಲದಂತಾಗುತ್ತದೆ. ಆದುದರಿಂದ ಸ್ಟೀರಿಯೋ ಪರೀಕ್ಷಿಸುವವರಿಗೆ ನನ್ನ ಮೊದಲ ಸಲಹೆ: ಚಿತ್ರಗೀತೆ ಹಾಕಿ ಎದೆ ಅದುರುತ್ತದೆಯೇ ಎಂದು ನೋಡಬೇಡಿ. ಒಳ್ಳೆಯ ಕನ್ನಡ ಮಾತನ್ನು ಹಾಕಿ, ಹಿಂದಿನ ಸೀಟಿನಲ್ಲಿ ಕುಳಿತು ಕೇಳಿ.

ಹೀಗೆ ದೋಷ ಗೊತ್ತಾದ ಮೇಲೆ ನಾನು ಮಾಡಿದ ಮೊದಲ ಕೆಲಸ ಅಂಗಡಿಗೆ ಹೋದದ್ದು. ಅದೇ ಮೊದಲ ತಪ್ಪು. ಅಲ್ಲಿನ ತರುಣನು ಎರಡು ಸಾವಿರ ಡಾಲರುಗಳ ಪಟ್ಟಿಯೊಂದನ್ನು ನನ್ನ ಕೈಗಿತ್ತನು. ಡಿಕ್ಕಿ ತುಂಬುವಷ್ಟು ದೊಡ್ಡ ಸಬ್‌ವೂಫರ್ ಪೆಟ್ಟಿಗೆಯೂ ಅದರಲ್ಲಿ ಸೇರಿತ್ತು. ಅಜ್ಜನ ಳಕಾರಕ್ಕೂ ಸಬ್‌ವೂಫರಿಗೂ ಏನು ಸಂಬಂಧ ಎಂದು ಅವನನ್ನು ಕೇಳುವ ಹಾಗಿರಲಿಲ್ಲ. ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಹಿಂದಿರುಗಿದೆ.

ಮೊದಲು ಒಂದು ಕಾಸೂ ಖರ್ಚಿಲ್ಲದ ಕೆಲಸಗಳನ್ನು ಮುಗಿಸಬೇಕು. ನನ್ನ ಕಾರಿನಲ್ಲಿ ಬಾಸ್ ಗುಂಡಿ ಐದು ಮೆಟ್ಟಿಲು ಮೇಲಿತ್ತು. ಕೆಳಗಿನ ಆವೃತ್ತಿಯ ದೊಡ್ಡ ಸದ್ದು ಮೇಲಿನ ಆವೃತ್ತಿಯ ಸಣ್ಣ ಸದ್ದನ್ನು ಮರೆಮಾಡುತ್ತದೆ. ಇದು ಕಿವಿಯ ಸ್ವಭಾವ. ಅದನ್ನು ಶೂನ್ಯಕ್ಕೆ ತಂದೊಡನೆಯೇ ಮಾತು ಒಂದಷ್ಟು ತಿಳಿಯಾಯಿತು. ಯಾವುದನ್ನಾದರೂ ಏರಿಸಬೇಕೆನಿಸಿದಾಗ, ಅದಕ್ಕೆ ಅಡ್ಡ ಬರುವುದನ್ನು ಇಳಿಸುವುದೇ ಲೇಸು. ಫೋನನ್ನು ತಂತಿಯ ಮೂಲಕ ಜೋಡಿಸಿದ್ದರೆ ಅದರ ಧ್ವನಿಯನ್ನು ಮುಕ್ಕಾಲಿಗಿಂತ ಮೇಲಿಟ್ಟು, ಕಾರಿನ ಗುಂಡಿಯಿಂದ ಹದ ಮಾಡಿಕೊಳ್ಳಬೇಕು. ಇಲ್ಲವಾದರೆ ದುರ್ಬಲವಾದ ಸಂಕೇತದೊಡನೆ ಗೊರಗೊರ ಸದ್ದೂ ವರ್ಧಿಸುತ್ತದೆ. ಹಳೆಯ ಕಾರುಗಳಲ್ಲಿ ಬಳಸುವ ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರುಗಳನ್ನು ಕೊನೆಯ ಗತಿಯೆಂದೇ ಭಾವಿಸಿ. ಯುಎಸ್‌ಬಿ ತಂತಿಯೋ ಆಕ್ಸ್ ತೂತೋ ಇದ್ದಲ್ಲಿ ಅದೇ ಮೇಲು.

ರಸಿಕರು ಹಿಂದಿನ ಸ್ಪೀಕರುಗಳನ್ನು ಮುಚ್ಚಿಬಿಡಿ, ಶಬ್ದವೆಲ್ಲ ಮುಂದಿನಿಂದಲೇ ಬರಬೇಕು ಎನ್ನುತ್ತಾರೆ. ಒಬ್ಬರೇ ಕುಳಿತು ಕಾರು ಓಡಿಸುವವರಿಗೆ ಅದು ಸರಿ. ನಮ್ಮ ಶ್ರೋತೃಗಳು ಹಿಂದೆ ಕುಳಿತಿದ್ದಾರೆ. ಮೇಲಿನ ಆವೃತ್ತಿಯ ತರಂಗಗಳು ಟಾರ್ಚಿನ ಬೆಳಕಿನಂತೆ ನೇರವಾಗಿ ಹೋಗತಕ್ಕವು. ಬಾಗಿಲಿನ ಕೆಳಗಿರುವ ಸ್ಪೀಕರಿನಿಂದ ಹೊರಟವು ಚಾಲಕನ ಮೊಣಕಾಲಿಗೆ ತಗುಲಿ ಅಲ್ಲೇ ಮುಗಿಯುತ್ತವೆ. ಆದುದರಿಂದ ಹಿಂದಿನವನ್ನು ಮುಂದಿನವುಗಳಿಗಿಂತ ಒಂದೆರಡು ಮೆಟ್ಟಿಲು ಕೆಳಗಿಟ್ಟರೆ ಸಾಕು.

ಹಿಂದಿನ ಗಾಜಿನ ಕೆಳಗಿನ ಹಲಗೆಯಿಂದ ಜಾಲರಿ ತೆಗೆದು ನೋಡಿದಾಗ ನನ್ನ ಕಾರಿನ ಮುಖ್ಯ ರೋಗ ಹೊರಬಿತ್ತು. ಸ್ಪೀಕರಿನ ಶಂಕುವನ್ನು ಅದರ ಚೌಕಟ್ಟಿಗೆ ಕೂಡಿಸುವ ಫೋಮಿನ ಅಂಚು ಬಿಸಿಲಿಗೂ ಕಾಲಕ್ಕೂ ಸಿಕ್ಕಿ, ಹಳೆಯ ಹಪ್ಪಳದಂತೆ ಬೆರಳು ತಗುಲಿದರೆ ಉದುರುತ್ತಿತ್ತು. ಹತ್ತು ಹದಿನೈದು ವರ್ಷದ ಕಾರುಳ್ಳವರು ಇಂದೇ ಹೋಗಿ ನೋಡಬಹುದು.

ಹೊಸ ಸ್ಪೀಕರ್ ಕೊಳ್ಳುವಾಗ ಡಬ್ಬಿಯ ಮೇಲಿನ ಅಂಕಿಗಳಿಗೆ ಮೋಸಹೋಗಬಾರದು. ಇಲ್ಲಿ ಸ್ವಲ್ಪ ಗಣಿತವನ್ನು ಸಹಿಸಿಕೊಳ್ಳಿ. ಎಂಜಿನ್ ಓಡುತ್ತಿರುವಾಗ ಕಾರಿನ ವಿದ್ಯುತ್ತು ಹೆಚ್ಚೆಂದರೆ 14.4 ವೋಲ್ಟ್ ಎನ್ನಿ. ಸ್ಪೀಕರಿನ ತಡೆ 4 ಓಮ್. 14.4ನ್ನು ಅದರಿಂದಲೇ ಗುಣಿಸಿ, 4ರ ಇಮ್ಮಡಿಯಾದ 8ರಿಂದ ಭಾಗಿಸಿದರೆ ಸುಮಾರು 26 ಬರುತ್ತದೆ. ವೋಲ್ಟೇಜನ್ನು ಏರಿಸುವ ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದ, ಡ್ಯಾಶ್‌ಬೋರ್ಡಿನೊಳಗಿನ ಸಾಮಾನ್ಯ ಸೆಟ್ಟು ಒಂದು ಸ್ಪೀಕರಿಗೆ ವಿರೂಪವಿಲ್ಲದೆ ಕೊಡಬಲ್ಲ ಶಕ್ತಿಗೆ ಇದು ಪ್ರಕೃತಿ ವಿಧಿಸಿದ ಮೇರೆ. ನಷ್ಟಗಳನ್ನು ಕಳೆದರೆ ಇಪ್ಪತ್ತರ ಆಚೀಚೆ ಉಳಿಯುತ್ತದೆ. ಹಾಗಿರುವಾಗ ಡಬ್ಬಿಯ ಮೇಲೆ ‘50 ವ್ಯಾಟ್ ಗುಣಿಸು 4’ ಎಂದು ದಪ್ಪಕ್ಷರದಲ್ಲಿರುವುದು ಮದುವೆಯ ಮಾತುಕತೆಯಲ್ಲಿ ವರನ ಕಡೆಯವರು ಹೇಳುವ ಸಂಬಳದಂತೆ. ಸಿಟಿಎ-2006 (ಹಿಂದಿನ ಸಿಇಎ-2006) ಎಂಬ ಮಾನಕದ ಪ್ರಕಾರ ಅಳೆದ ಆರ್‌ಎಂಎಸ್ ವ್ಯಾಟನ್ನು ಮಾತ್ರ ನಂಬಬೇಕು.

ವ್ಯಾಟಿಗಿಂತ ಮುಖ್ಯವಾದ ಅಂಕಿಯೊಂದಿದೆ, ಸ್ಪೀಕರಿನ ಸೆನ್ಸಿಟಿವಿಟಿ. ಕೊಟ್ಟ ಶಕ್ತಿಗೆ ಅದು ಎಷ್ಟು ಸದ್ದು ಮಾಡುತ್ತದೆ ಎಂಬುದರ ಅಳತೆ. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಸಿಗುವ ಲಾಭ 3 ಡೆಸಿಬೆಲ್ ಮಾತ್ರ. ಒಂದೇ ರೀತಿಯಲ್ಲಿ ಅಳೆದ ಎರಡು ಸ್ಪೀಕರುಗಳಲ್ಲಿ ಒಂದರ ಅಂಕಿ 89, ಇನ್ನೊಂದರದು 92 ಆಗಿದ್ದರೆ, ಎರಡನೆಯದನ್ನು ಕೊಂಡವರಿಗೆ ಆಂಪ್ಲಿಫೈಯರಿನ ಶಕ್ತಿ ಪುಕ್ಕಟೆಯಾಗಿ ಇಮ್ಮಡಿಯಾದಂತೆಯೇ. ಕಾರಿನ ಮೂಲ ಸೆಟ್ಟನ್ನೇ ಉಳಿಸಿಕೊಳ್ಳುವ ಮಿತವ್ಯಯಿಗಳು ಈ ಅಂಕಿಯನ್ನೇ ನೋಡಿ ಕೊಳ್ಳಬೇಕು. ಓಮ್‌ಗಳೂ ಹೊಂದಬೇಕು, 4 ಓಮ್‌ಗೆಂದು ರೂಪಿಸಿದ ಸೆಟ್ಟಿಗೆ 2 ಓಮ್‌ನ ಸ್ಪೀಕರ್ ಜೋಡಿಸಿದರೆ ಅದು ಮಿತಿಮೀರಿ ಬಿಸಿಯಾದೀತು. ಟ್ವೀಟರ್ ಒಳಗೇ ಕೂಡಿಕೊಂಡಿರುವ ಕೋಆಕ್ಸಿಯಲ್ ಸ್ಪೀಕರುಗಳು ನಮ್ಮಂಥವರಿಗೆ ಧಾರಾಳವಾಗಿ ಸಾಕು.

ಇನ್ನು ಬಾಗಿಲು. ಯಾರೂ ಗಮನಿಸದ, ಆದರೆ ಡಾಲರಿಗೆ ಡಾಲರು ಅತಿ ಹೆಚ್ಚು ಫಲ ಕೊಡುವ ಭಾಗವಿದು. ಸ್ಪೀಕರಿನ ಶಂಕು ಮುಂದಕ್ಕೆ ತಳ್ಳಿದ ಗಾಳಿಯಷ್ಟನ್ನೇ ಹಿಂದಕ್ಕೆ ಎಳೆಯುತ್ತದೆ. ಆ ಹಿಂದಿನ ತರಂಗವು ಬಾಗಿಲಿನ ಸಂದುಗಳಿಂದ ನುಸುಳಿ ಮುಂದಿನದರೊಡನೆ ಸೇರಿದರೆ ಕೆಳಗಿನ ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ನಮ್ಮ ವೀಣೆ ತಂಬೂರಿಗಳಿಗೆ ಒಣಗಿದ ಸೋರೆಬುರುಡೆಯನ್ನೂ ಹದವಾದ ಮರವನ್ನೂ ಆರಿಸಿದ ಶಿಲ್ಪಿಗಳ ಮುಂದೆ, ಕಾರಿನ ಬಾಗಿಲು ತಗಡಿನ ಡಬ್ಬವಷ್ಟೆ. ಮೃದಂಗದ ಎಡದ ಪೆಟ್ಟಿಗೆ ಅದೂ ಕೂಡಿ ನಡುಗಿ ತನ್ನದೇ ರಾಗ ತೆಗೆಯುತ್ತದೆ. ಪರಿಹಾರ ಸುಲಭ. ಒಳಹಲಗೆ ಕಳಚಿ, ಅಲ್ಯೂಮಿನಿಯಮ್ ಹಾಳೆಯ ಬೆನ್ನುಳ್ಳ ಬ್ಯುಟೈಲ್ ರಬ್ಬರಿನ ಅಂಟುಹಾಳೆಯನ್ನು ಹೊರತಗಡಿನ ನಡುಭಾಗಕ್ಕೆ ಒತ್ತಿ ಅಂಟಿಸಬೇಕು. ಇಡೀ ಬಾಗಿಲನ್ನು ಮುಚ್ಚಬೇಕಾಗಿಲ್ಲ. ಕಾಲುಭಾಗ ಮುಚ್ಚಿದರೂ ತಗಡಿನ ಝೇಂಕಾರ ಬಹುಪಾಲು ಅಡಗುತ್ತದೆ. ಸ್ಪೀಕರಿನ ಸುತ್ತ ಫೋಮಿನ ಉಂಗುರ ಕೂರಿಸಬೇಕು. ಬಾಗಿಲಿನ ಕೆಳಗೆ ಮಳೆನೀರು ಇಳಿದುಹೋಗಲು ಬಿಟ್ಟಿರುವ ತೂತುಗಳನ್ನು ಮಾತ್ರ ಎಂದಿಗೂ ಮುಚ್ಚಬೇಡಿ, ತುಕ್ಕು ಹಿಡಿದೀತು.

ಇಷ್ಟೆಲ್ಲ ಮಾಡಿ, ಬೆವರು ಒರೆಸಿಕೊಂಡು, ಹೆಮ್ಮೆಯಿಂದ ಮಗಳನ್ನು ಕೂರಿಸಿ ಕೇಳಿಸಿದೆ. ಅವಳು ಕ್ಷಣಕಾಲ ಆಲಿಸಿ, “ಅಜ್ಜ ಕಾರಿನ ಹೊರಗೆ ನಿಂತುಕೊಂಡು ಮಾತಾಡ್ತಿದ್ದಾರೆ” ಎಂದಳು. ಎಡಬಾಗಿಲಿನ ಸ್ಪೀಕರಿಗೆ ನಾನು ಧನ ಋಣ ತಂತಿಗಳನ್ನು ಅದಲುಬದಲು ಮಾಡಿಬಿಟ್ಟಿದ್ದೆ. ಒಂದು ಶಂಕು ಮುಂದಕ್ಕೆ ಹೋಗುವಾಗ ಇನ್ನೊಂದು ಹಿಂದಕ್ಕೆ! ಆಗ ಕೆಳಗಿನ ಸ್ವರಗಳು ತೆಳುವಾಗಿ, ನಡುವಿನಲ್ಲಿ ನಿಲ್ಲಬೇಕಾದ ಕಂಠ ದಿಕ್ಕಿಲ್ಲದಂತಾಗುತ್ತದೆ. ಇದನ್ನು ಪತ್ತೆಮಾಡಲು ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ ಸಾಕು. ಸೆಟ್ಟಿನಿಂದ ಬರುವ ತಂತಿಗಳನ್ನು ಬಿಡಿಸಿ, ಸೆಲ್ಲಿನ ಧನ ತುದಿಯನ್ನು ಸ್ಪೀಕರಿನ ಧನ ತುದಿಗೆ ಕ್ಷಣಮಾತ್ರ ಮುಟ್ಟಿಸಿದರೆ ಶಂಕು ಹೊರಕ್ಕೆ ಚಿಮ್ಮಬೇಕು. ಪ್ರತ್ಯೇಕವಾಗಿರುವ ಟ್ವೀಟರುಗಳ ಮೇಲೆ ಈ ಪ್ರಯೋಗ ಬೇಡ.

ನನ್ನ ಲೆಕ್ಕವನ್ನೂ ಒಪ್ಪಿಸುತ್ತೇನೆ. ಮುಂದಿನ ಜೋಡಿಗೆ 70 ಡಾಲರ್, ಹಿಂದಿನ ಜೋಡಿಗೆ 55, ಅಂಟುಹಾಳೆಗೆ 35, ತಂತಿಯ ಅಡಾಪ್ಟರು ಮತ್ತು ಫೋಮಿಗೆ 20, ಒಟ್ಟು 180. ಎರಡು ಶನಿವಾರಗಳ ದುಡಿಮೆ ಬೇರೆ. ಸೆಟ್ಟನ್ನು ಬದಲಿಸಲಿಲ್ಲ. ಇತ್ತೀಚಿನ ಕಾರುಗಳಲ್ಲಿ ಸೆಟ್ಟು, ಹವಾನಿಯಂತ್ರಣ, ಹಿಂಬದಿಯ ಕ್ಯಾಮರಾ ಎಲ್ಲವೂ ಒಂದೇ ಪರದೆಯಲ್ಲಿ ಹೆಣೆದುಕೊಂಡಿರುವುದರಿಂದ ಅದನ್ನು ಮುಟ್ಟದಿರುವುದೇ ಜಾಣತನ. ಮುಂದೆ ಹಣವಿದ್ದರೆ, ಸ್ಪೀಕರಿನ ತಂತಿಯಿಂದಲೇ ಸಂಕೇತ ಪಡೆಯುವ ಪುಟ್ಟ ಆಂಪ್ಲಿಫೈಯರೊಂದನ್ನು ಸೇರಿಸಬಹುದು. ಲೀಸ್ ಮೇಲೆ ತಂದ ಕಾರಾದರೆ ಏನನ್ನೂ ಕಳಚಬೇಡಿ.

ಎರಡು ಎಚ್ಚರಿಕೆಗಳನ್ನು ಹೇಳದೆ ಮುಗಿಸುವಂತಿಲ್ಲ. ಕೆಲಸಕ್ಕೆ ಮೊದಲು ಬ್ಯಾಟರಿಯ ಋಣ ತುದಿ ಬಿಡಿಸಿ, ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು. ಬಾಗಿಲು ಮತ್ತು ಕಂಬಗಳಲ್ಲಿ ಕಾಣುವ ಹಳದಿ ಬಣ್ಣದ ತಂತಿಗಳು ಏರ್‌ಬ್ಯಾಗಿನವು, ಅವುಗಳ ತಂಟೆ ಬೇಡ. ಆಂಪ್ಲಿಫೈಯರ್ ಹಾಕಿಸುವುದಾದರೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇದೆಯೇ ಎಂದು ಕಣ್ಣಾರೆ ನೋಡಿ. ಫ್ಯೂಸಿಲ್ಲದ ತಂತಿ ತಗಡಿಗೆ ಉಜ್ಜಿ ಬೆತ್ತಲಾದರೆ ಬೆಂಕಿಯೇ ಗತಿ. ಎರಡನೆಯದು ಕಿವಿಯದು. ವೇಗವಾಗಿ ಓಡುವ ಕಾರಿನೊಳಗೆ ಚಕ್ರದ ಸದ್ದೇ 70 ಡೆಸಿಬೆಲ್ ಸಮೀಪವಿರುತ್ತದೆ. ಅದನ್ನು ಮೀರಿಸಲು ನಾವು ಗುಂಡಿ ತಿರುಗಿಸುತ್ತಲೇ ಹೋಗುತ್ತೇವೆ. ಕೆಲಸದ ಸ್ಥಳಗಳಿಗೆಂದು ಅಮೆರಿಕದ ನಯಾಷ್ (ಔದ್ಯೋಗಿಕ ಆರೋಗ್ಯ ಸಂಸ್ಥೆ) ಸೂಚಿಸಿರುವ ಮಿತಿ 85 ಡೆಸಿಬೆಲ್ಲಿಗೆ ಎಂಟು ತಾಸು. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. 94 ಡೆಸಿಬೆಲ್ಲಿಗೆ ಒಂದೇ ತಾಸು. ಪಿಟ್ಸ್‌ಬರ್ಗ್ ಆರು ತಾಸಿನ ದಾರಿ. ಹಿಂದಿನ ಸೀಟಿನ ಕಿವಿಗಳು ಚಿಕ್ಕವು. ಮುಂದಿನ ಬಾರಿ ಟೈರ್ ಬದಲಿಸುವಾಗ ಸದ್ದು ಕಡಿಮೆಯಿರುವುದನ್ನು ಆರಿಸಿದರೆ ಅದೂ ಸ್ಟೀರಿಯೋ ಸುಧಾರಣೆಯೇ.

ಕ್ಯಾಸೆಟ್ಟುಗಳನ್ನು ಇನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡಿರುವ ಹಿರಿಯರಿಗೆ ಒಂದು ಮಾತು. ಡಿಜಿಟಲ್ ರೂಪಕ್ಕೆ ಇಳಿಸುವಾಗ ಡೆಕ್ಕಿನ ಹೆಡ್ಡಿನ ಪಕ್ಕದ ಪುಟ್ಟ ತಿರುಪನ್ನು ಸ್ವಲ್ಪವೇ ಸ್ವಲ್ಪ ತಿರುಗಿಸುತ್ತ, ಸಕಾರ ಅತ್ಯಂತ ಸ್ಪಷ್ಟವಾಗಿ ಕೇಳುವಲ್ಲಿ ನಿಲ್ಲಿಸಿ. ಒಂದು ಡೆಕ್ಕಿನಲ್ಲಿ ಮುದ್ರಿಸಿದ ಟೇಪು ಇನ್ನೊಂದರ ಹೆಡ್ಡಿಗೆ ಕೋನದಲ್ಲಿ ಹೊಂದದಿದ್ದರೆ ಮೇಲಿನ ಆವೃತ್ತಿಗಳೆಲ್ಲ ನಷ್ಟವಾಗುತ್ತವೆ. ಹಾಗೆ ಇಳಿಸಿದ ಮೇಲೆ ಯಾವ ಸ್ಪೀಕರೂ ಅವನ್ನು ಮರಳಿ ತರಲಾರದು. ಟೇಪಿನ ಆಯುಸ್ಸೂ ಕಡಿಮೆ. ಈ ಕೆಲಸ ಸ್ಟೀರಿಯೋಗಿಂತ ಮೊದಲು ಆಗಬೇಕಾದದ್ದು.

ನನ್ನ ಕಾರು ಹೊರಗಿನ ಪಾರ್ಕಿಂಗ್ ಲಾಟಿನಲ್ಲಿ, ಬಾಗಿಲಿಗೆ ಸಮೀಪದಲ್ಲಿಯೇ ಇದೆ. ಕಾಫಿಯ ಅನಂತರ ಆಸಕ್ತರು ಬಂದು ಹಿಂದಿನ ಸೀಟಿನಲ್ಲಿ ಕುಳಿತು ಕೇಳಬಹುದು. ಪೆನ್ಸಿಲ್ ಸೆಲ್ಲನ್ನೂ ಎರಡು ತುಂಡು ತಂತಿಯನ್ನೂ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದೇನೆ.